ಎದೆ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದು, ಮೂಳೆ ಸುಣ್ಣದಷ್ಟು ಬಿಳಿ: ಫಿಲ್ಮ್ ತಪ್ಪೋ, ಕಾಯಿಲೆಯೋ?

ಜಗಳೂರು ಬಯಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಸಣ್ಣ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಯಂತ್ರ ಇರುತ್ತೆ, ಟೆಕ್ನಿಷಿಯನ್ ಇರ್ತಾರೆ, ರೇಡಿಯಾಲಜಿಸ್ಟ್ ಇರಲ್ಲ. ಫಿಲ್ಮ್ ಮೊದಲು ಬರೋದು ಡ್ಯೂಟಿ ಡಾಕ್ಟರ ಕೈಗೆ. ಶ್ವಾಸಕೋಶ ನೋಡೋಕೆ ಬೇಗ ಕಣ್ಣು ಪಳಗುತ್ತೆ. ತಡವರಿಸೋದು ಹೃದಯ ಮತ್ತು ಮೂಳೆಯಲ್ಲಿ.

ಚರ್ಚೆಗೆ ಒಂದು ಮಾದರಿ ಫಿಲ್ಮ್ ಇಟ್ಟುಕೊಳ್ಳೋಣ. 60ರ ಆಸುಪಾಸಿನ ರೈತ, ಹುಟ್ಟಿದಾಗಿನಿಂದ ಬೋರ್‌ವೆಲ್ ನೀರು. ಕೆಮ್ಮು, ಜೊತೆಗೆ ಹಳೇ ಬೆನ್ನುನೋವು. ನಿಲ್ಲೋಕೆ ಆಗದೆ ಮಲಗಿಸಿ ತೆಗೆದದ್ದು. ಸಿ.ಟಿ. ರೇಶಿಯೋ, ಅಂದರೆ ಎದೆಗೂಡಿನ ಅಗಲಕ್ಕೆ ಹೃದಯದ ಅಗಲದ ಅನುಪಾತ, 0.54. ಪಕ್ಕೆಲುಬು, ಬೆನ್ನುಮೂಳೆ ಎರಡೂ ಸುಣ್ಣ ಬಳಿದ ಹಾಗೆ ಬಿಳಿ. ಬಲಗಡೆ ಮೇಲ್ಭಾಗದಲ್ಲಿ, ಕಾಲರ್ ಬೋನ್ ಒಳತುದಿಯ ಕೆಳಗೆ, ಒಂದು ಗುಂಡು ನೆರಳು.

ಈ ಹೃದಯವನ್ನು ದೊಡ್ಡದು ಅಂತ ಬರೆಯಬಹುದಾ? ಬಿಳುಪು ಎಕ್ಸ್‌ಪೋಷರ್ ತಪ್ಪಾ, ಮೂಳೆಯೇ ಹಾಗಾ? ಆ ಗುಂಡು ಟಿಬಿನಾ? ಯಾವ ಕ್ರಮದಲ್ಲಿ ನೋಡಿದರೆ ತಪ್ಪು ಕಡಿಮೆಯಾಗುತ್ತೆ, ಬಲ್ಲವರು ಬಿಡಿಸಿ ಹೇಳಿ.


ಡಾರ್ಕ್‌ರೂಮ್:

ಮೊದಲು ಯಂತ್ರದ ಕಡೆಯಿಂದ ಬರೋಣ. ಮಲಗಿಸಿ ತೆಗೆದ ಫಿಲ್ಮ್‌ನಲ್ಲಿ 0.54 ಅಂದರೆ ಏನೂ ಹೇಳಿದ ಹಾಗಾಗಲಿಲ್ಲ.

ನಿಲ್ಲಿಸಿ ತೆಗೆಯುವ ಪಿಎ ವ್ಯೂನಲ್ಲಿ ಕಿರಣ ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಡುತ್ತೆ, ಟ್ಯೂಬಿಗೂ ಫಿಲ್ಮ್ ಇಡುವ ಕ್ಯಾಸೆಟ್ಟಿಗೂ 180 ಸೆಂ.ಮೀ. ದೂರ. ಹೃದಯ ಎದೆಯ ಮುಂಭಾಗದಲ್ಲಿ ಇರೋದರಿಂದ ಕ್ಯಾಸೆಟ್ಟಿಗೆ ಹತ್ತಿರ, ಹಾಗಾಗಿ ನೆರಳು ಹೆಚ್ಚು ಹಿಗ್ಗಲ್ಲ. ಮಲಗಿಸಿ ತೆಗೆಯುವ ಎಪಿಯಲ್ಲಿ ಎಲ್ಲಾ ಉಲ್ಟಾ: ಕಿರಣ ಎದೆಯಿಂದ ಬೆನ್ನಿಗೆ, ಕ್ಯಾಸೆಟ್ ಬೆನ್ನ ಕೆಳಗೆ, ಟ್ಯೂಬ್ ಸುಮಾರು 100 ಸೆಂ.ಮೀ. ಮೇಲೆ, ಹೃದಯ ಕ್ಯಾಸೆಟ್ಟಿನಿಂದ ದೂರ.

ಲೆಕ್ಕ ಹಾಕಿ ನೋಡಿ. ಎದೆಯ ದಪ್ಪ 24 ಸೆಂ.ಮೀ., ಹೃದಯದ ಅಗಲವಾದ ಭಾಗ ಮುಂಗೋಡೆಯಿಂದ 8 ಸೆಂ.ಮೀ. ಒಳಗೆ, ಅದರ ನಿಜವಾದ ಅಗಲ 13.5, ಎದೆಗೂಡಿನ ಒಳ ಅಗಲ 27 ಅಂತಿಟ್ಟುಕೊಳ್ಳಿ. ಪಿಎಯಲ್ಲಿ ಹೃದಯ 14.1, ಎದೆಗೂಡು 28.9 ಆಗಿ ಕಾಣುತ್ತೆ, ರೇಶಿಯೋ 0.49. ಮಲಗಿಸಿದ ಎಪಿಯಲ್ಲಿ 16.1 ಮತ್ತು 30.7, ರೇಶಿಯೋ 0.52. ಅದೇ ಮನುಷ್ಯ, ಅದೇ ಹೃದಯ. ಇದರ ಮೇಲೆ, ಮಲಗಿದಾಗ ಹೊಟ್ಟೆ ಡಯಾಫ್ರಮ್ಮನ್ನು (ಎದೆ-ಹೊಟ್ಟೆ ನಡುವಿನ ಪೊರೆ) ಮೇಲಕ್ಕೆ ತಳ್ಳಿ ಹೃದಯವನ್ನು ಅಡ್ಡ ಮಲಗಿಸುತ್ತೆ. ಅದನ್ನೂ ಸೇರಿಸಿದರೆ 0.54 ಬರೋದು ಏನೂ ಅಚ್ಚರಿಯಲ್ಲ.

ಫಿಲ್ಮ್ ಮೇಲೆ ಎಪಿ ಅಂತ ಬರೆದಿಲ್ಲದಿದ್ದರೂ ಗುರುತು ಸಿಗುತ್ತೆ. ಹೆಗಲ ಮೂಳೆ, ಅಂದರೆ ಸ್ಕ್ಯಾಪುಲಾ, ಶ್ವಾಸಕೋಶದ ಮೇಲೆ ಬಿದ್ದಿದ್ದರೆ, ಹೊಟ್ಟೆಯ ಗಾಳಿ ಗುಳ್ಳೆಯ ಕೆಳಗೆ ನೀರಿನ ಸಮಗೆರೆ ಕಾಣದಿದ್ದರೆ, ಮಲಗಿಸಿ ತೆಗೆದದ್ದಿರಬಹುದು ಅಂತ ಅನುಮಾನ ಪಡಿ. ಟೆಕ್ನಿಷಿಯನ್ ಗೆಳೆಯರು ದಯವಿಟ್ಟು "ಎಪಿ, ಮಲಗಿಸಿ, 100 ಸೆಂ.ಮೀ." ಅಂತ ಬರೆದೇ ಕಳಿಸಿ. ಎರಡು ನಿಮಿಷದ ಕೆಲಸ, ಒಂದು ಕುಟುಂಬದ ದಾವಣಗೆರೆ ಓಡಾಟ ಉಳಿಯುತ್ತೆ.

ನಿಲ್ಲಬಲ್ಲವರಿಗೆ ಪಿಎಯನ್ನೇ ತೆಗೆಯಿರಿ. ಗದ್ದ ಮೇಲಕ್ಕೆ, ಎರಡೂ ಅಂಗೈಗಳ ಹಿಂಬದಿ ಸೊಂಟಕ್ಕೆ, ಮೊಣಕೈ ಮುಂದಕ್ಕೆ ತಳ್ಳಿ ಭುಜ ಕ್ಯಾಸೆಟ್ಟಿಗೆ ತಾಗಲಿ. ಆಗ ಸ್ಕ್ಯಾಪುಲಾ ಪಕ್ಕಕ್ಕೆ ಸರಿಯುತ್ತೆ. ಕಿರಣದ ನಡು ಸ್ಕ್ಯಾಪುಲಾದ ಕೆಳಮೂಲೆಯ ಮಟ್ಟಕ್ಕೆ, ಅಂದರೆ 7ನೇ ಎದೆ ಕಶೇರುವಿಗೆ (ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಯೇ ಕಶೇರು). ಉಸಿರನ್ನು ಒಮ್ಮೆ ಎಳೆದು ಬಿಡಿಸಿ, ಎರಡನೇ ಸಲ ಪೂರ್ತಿ ಎಳೆದಾಗ ಹಿಡಿಸಿ. ಡಯಾಫ್ರಮ್ಮಿನ ಮೇಲೆ ಮುಂದಿನ 6 ಪಕ್ಕೆಲುಬು ಅಥವಾ ಹಿಂದಿನ 9–10 ಎಣಿಸಲು ಸಿಗಬೇಕು. 8 ಮಾತ್ರ ಸಿಕ್ಕರೆ ಉಸಿರು ಸಾಲದು, ಹೃದಯ ಸುಮ್ಮನೆ ಅಗಲವಾಗಿ ಕಾಣುತ್ತೆ, ಕೆಳಭಾಗದ ರಕ್ತನಾಳಗಳು ಒತ್ತೊತ್ತಾಗಿ ನ್ಯುಮೋನಿಯಾ ಥರ ಕಾಣ್ತವೆ.

ಮೈ ತಿರುಗಿದೆಯಾ ಅಂತ ನೋಡಲು ಎರಡು ಕಾಲರ್ ಬೋನ್‌ಗಳ ಒಳತುದಿ ನಡುವಿನ ಬೆನ್ನುಮುಳ್ಳಿನಿಂದ ಸಮದೂರ ಇದೆಯಾ ಅಳೆಯಿರಿ. ಇಲ್ಲದಿದ್ದರೆ ಹೃದಯದ ಅಂಚು ಬೇರೆಯೇ ಆಕಾರ ತಾಳುತ್ತೆ, ಒಂದು ಶ್ವಾಸಕೋಶ ಇನ್ನೊಂದಕ್ಕಿಂತ ಕಪ್ಪಾಗುತ್ತೆ.

ಇನ್ನೊಂದು, ಜಡೆ. ಭುಜದ ಮೇಲೆ ಬಿದ್ದ ಜಡೆ ಶ್ವಾಸಕೋಶದ ತುದಿಯಲ್ಲಿ ಅಚ್ಚುಕಟ್ಟಾದ ಟಿಬಿ ನೆರಳು ಕೊಡುತ್ತೆ. ಮೇಲೆತ್ತಿ ತುರುಬು ಕಟ್ಟಿಸಿ. ತಾಳಿ ಸರ ತೆಗೆಯಲು ಒಪ್ಪದಿದ್ದರೆ ಬೆನ್ನಿಗೆ ಹಾಕಿಸಬೇಡಿ, ಹಿಂದಿದ್ದರೂ ಮುಂದಿದ್ದರೂ ನೆರಳು ಬಿದ್ದೇ ಬೀಳುತ್ತೆ. ಗದ್ದದವರೆಗೆ ಎತ್ತಿ ಹಲ್ಲಲ್ಲಿ ಕಚ್ಚಿ ಹಿಡಿಯಲು ಹೇಳಿ.


ಏಳುಸುತ್ತು:

ಮೇಲಿನವರು ಹೇಳಿದ್ದೆಲ್ಲ ಆದ ಮೇಲೆ, ಒಳ್ಳೆಯ ಪಿಎ ಫಿಲ್ಮ್ ಸಿಕ್ಕಿತು ಅಂತ ಇಟ್ಟುಕೊಂಡು ಹೃದಯ ಓದೋಣ.

ಅಳೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ಬೆನ್ನುಮುಳ್ಳುಗಳ ಮೇಲೆ ಒಂದು ನೆಟ್ಟ ಗೆರೆ ಎಳೆಯಿರಿ. ಅದರಿಂದ ಹೃದಯದ ಬಲ ಅಂಚು ಎಲ್ಲಿ ಅತಿ ದೂರವೋ ಅಲ್ಲಿಗೆ ಒಂದು ಅಳತೆ, ಎಡ ಅಂಚು ಎಲ್ಲಿ ಅತಿ ದೂರವೋ ಅಲ್ಲಿಗೆ ಇನ್ನೊಂದು. ಎರಡೂ ಒಂದೇ ಮಟ್ಟದಲ್ಲಿ ಇರಬೇಕಿಲ್ಲ, ಇರುವುದೂ ಇಲ್ಲ. ಕೂಡಿಸಿ, ಎದೆಗೂಡಿನ ಅತಿ ಅಗಲವಾದ ಒಳ ಅಳತೆಯಿಂದ ಭಾಗಿಸಿ. ಪಕ್ಕೆಲುಬಿನ ಒಳ ಅಂಚಿನಿಂದ ಒಳ ಅಂಚಿಗೆ, ಹೊರ ಅಂಚಿಗಲ್ಲ. ದೊಡ್ಡವರಲ್ಲಿ 0.5ರವರೆಗೆ ಸರಿ. ಹಸುಗೂಸುಗಳಲ್ಲಿ 0.6 ಇದ್ದರೂ ಗಾಬರಿ ಬೇಡ, ಅಲ್ಲಿ ಥೈಮಸ್ ಗ್ರಂಥಿಯೂ ಸೇರಿ ಅಗಲ ತೋರಿಸುತ್ತೆ.

ಹೃದಯದ ಬುಡದ ಮೂಲೆಯಲ್ಲಿ ಕೊಬ್ಬಿನ ಗಂಟು ಇರುತ್ತೆ. ಅದು ಹೃದಯಕ್ಕಿಂತ ಸ್ವಲ್ಪ ತೆಳು ನೆರಳು. ಅದನ್ನು ಸೇರಿಸಿ ಅಳೆದರೆ ಸ್ಥೂಲಕಾಯದವರೆಲ್ಲ ಹೃದ್ರೋಗಿಗಳೇ. ತಿರುಗಾಮುರುಗಾ ಅಂದರೆ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲೋ ಬೀಡಿಯಲ್ಲೋ ವರ್ಷಗಟ್ಟಲೆ ಕಳೆದು ಶ್ವಾಸಕೋಶ ಉಬ್ಬಿದವರಲ್ಲಿ ಡಯಾಫ್ರಮ್ ಕೆಳಗಿಳಿದು ಹೃದಯ ಕೊಳವೆ ಹಾಗೆ ತೆಳ್ಳಗೆ ಕಾಣುತ್ತೆ. ಅಂಥವರಲ್ಲಿ 0.48 ಬಂದರೂ ಹೃದಯ ಹಿಗ್ಗಿರಬಹುದು. ಹಳೇ ಫಿಲ್ಮ್ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ.

ಅಂಕಿಗಿಂತ ಅಂಚು ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಬಲ ಅಂಚಿನಲ್ಲಿ ಮೇಲೆ ಸುಪೀರಿಯರ್ ವೀನಾ ಕೇವಾ (ಮೇಲಿನ ಮಹಾಸಿರೆ), ಕೆಳಗೆ ಬಲ ಏಟ್ರಿಯಂ (ಹೃದಯದ ಮೇಲಿನ ಕೋಣೆ). ಎಡ ಅಂಚಿನಲ್ಲಿ ಮೇಲಿನಿಂದ ಮಹಾಪಧಮನಿಯ ಗುಂಡನೆ ಉಬ್ಬು, ಪಲ್ಮನರಿ ಧಮನಿ (ಶ್ವಾಸಕೋಶಕ್ಕೆ ಹೋಗುವುದು), ಎಡ ಏಟ್ರಿಯಂನ ಕಿವಿ, ಕೊನೆಗೆ ಎಡ ವೆಂಟ್ರಿಕಲ್ (ಕೆಳಗಿನ ಕೋಣೆ). ಬಲ ವೆಂಟ್ರಿಕಲ್ ನೇರ ಫಿಲ್ಮ್‌ನಲ್ಲಿ ಯಾವ ಅಂಚನ್ನೂ ಮಾಡಲ್ಲ. ಅದು ಎದೆಮೂಳೆಯ ಹಿಂದೆ ಮುಂಭಾಗದಲ್ಲಿದೆ, ಪಕ್ಕದ ವ್ಯೂನಲ್ಲಿ ಮಾತ್ರ ಸಿಗುತ್ತೆ.

ನಮ್ಮ ಕಡೆ ಹೆಚ್ಚು ಕೆಲಸಕ್ಕೆ ಬರೋದು ಎಡ ಏಟ್ರಿಯಂ ನೋಡುವ ಕಣ್ಣು, ಯಾಕಂದರೆ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ (ಎಡಗಡೆಯ ಎರಡು ಕೋಣೆಗಳ ನಡುವಿನದು) ಕಿರಿದಾದವರು ಇನ್ನೂ ಬರುತ್ತಾರೆ, ಅದರಲ್ಲೂ ಬಸುರಿ ಹೆಂಗಸರು ಉಬ್ಬಸ ಅಂತ. ಇವರಲ್ಲಿ ಸಿ.ಟಿ. ರೇಶಿಯೋ ಸರಿಯಾಗೇ ಇರಬಹುದು. ಎಡ ಅಂಚಿನ ತಗ್ಗು ತುಂಬಿ ನೇರವಾಗುತ್ತೆ ಅಥವಾ ಅಲ್ಲೊಂದು ಉಬ್ಬು ಬರುತ್ತೆ. ಬಲ ಅಂಚಿನ ಒಳಗೆ ಎರಡನೇ ಗೆರೆ, ನೆರಳೊಳಗೆ ನೆರಳು ಕಾಣುತ್ತೆ. ಶ್ವಾಸನಾಳ ಕವಲೊಡೆಯುವ ಕೋನ ಸಾಮಾನ್ಯವಾಗಿ 60–75 ಡಿಗ್ರಿ. ಅದು 90 ದಾಟಿ ಎಡ ಕವಲು ಮೇಲಕ್ಕೆ ಎದ್ದಿದ್ದರೆ ಕೆಳಗಿನಿಂದ ಎಡ ಏಟ್ರಿಯಂ ತಳ್ಳುತ್ತಿದೆ. ಜೊತೆಗೆ ಶ್ವಾಸಕೋಶದ ಮೇಲ್ಭಾಗದ ರಕ್ತನಾಳಗಳು ಕೆಳಗಿನವಕ್ಕಿಂತ ದಪ್ಪ, ಬುಡದ ಮೂಲೆಗಳಲ್ಲಿ ಪಕ್ಕೆಗೆ ತಾಗಿಕೊಂಡ 1–2 ಸೆಂ.ಮೀ. ಅಡ್ಡಗೆರೆಗಳು, ಇಷ್ಟು ಸಿಕ್ಕರೆ ಎಕೋಗೆ (ಹೃದಯದ ಸ್ಕ್ಯಾನ್) ಕಳಿಸಲು ಇನ್ನೇನೂ ಬೇಡ.

ಹೃದಯದ ತುದಿ ಕೆಳಗೂ ಹೊರಗೂ ಇಳಿದಿದ್ದರೆ ಎಡ ವೆಂಟ್ರಿಕಲ್, ತುದಿ ಮೇಲಕ್ಕೆದ್ದು ದುಂಡಾಗಿದ್ದರೆ ಬಲ ವೆಂಟ್ರಿಕಲ್ ಅನ್ನೋದು ಒಂದು ಅಂದಾಜು. ಹೃದಯ ಎರಡೂ ಕಡೆ ಸಮನಾಗಿ ನೀರು ತುಂಬಿದ ಚೀಲದ ಹಾಗೆ ಉಬ್ಬಿ, ಶ್ವಾಸಕೋಶ ಮಾತ್ರ ಸ್ವಚ್ಛವಾಗಿದ್ದರೆ ಸುತ್ತ ನೀರು ತುಂಬಿರಬಹುದು. ಫಿಲ್ಮ್‌ನಲ್ಲಿ ಆಕಾರ ಬದಲಾಗಲು ಸುಮಾರು 200–250 ಮಿ.ಲೀ. ನೀರು ಬೇಕು, ಅದಕ್ಕಿಂತ ಕಡಿಮೆ ಇದ್ದರೆ ಎಕ್ಸ್‌ರೇ ಸುಮ್ಮನಿರುತ್ತೆ. ಬೇಗ ತುಂಬಿದ ನೀರು ಕಡಿಮೆ ಇದ್ದರೂ ಪ್ರಾಣಕ್ಕೆ ಕುತ್ತು, ಅದನ್ನು ಮರೀಬೇಡಿ.

ಒಂದು ಬಲೆ: ಎದೆ ಗುಳಿ ಬಿದ್ದವರಲ್ಲಿ ಹೃದಯ ಎಡಕ್ಕೆ ಸರಿದು ಬಲ ಅಂಚು ಮಸುಕಾಗುತ್ತೆ. ಬಲ ಶ್ವಾಸಕೋಶದ ನಡುಹಾಲೆಯ ನ್ಯುಮೋನಿಯಾ ಕೂಡ ಅದೇ ಅಂಚನ್ನು ಅಳಿಸುತ್ತೆ. ಪಕ್ಕೆಲುಬು ನೋಡಿದರೆ ಗುಟ್ಟು ಬಯಲು: ಗುಳಿ ಎದೆಯಲ್ಲಿ ಹಿಂದಿನ ಪಕ್ಕೆಲುಬು ಅಡ್ಡಡ್ಡ, ಮುಂದಿನವು ಕಡಿದಾಗಿ ಕೆಳಕ್ಕೆ, 7ರ ಅಂಕಿಯ ಹಾಗೆ. ರೋಗಿಯ ಅಂಗಿ ಬಿಚ್ಚಿಸಿದರೆ ಇನ್ನೂ ಬೇಗ ಗೊತ್ತಾಗುತ್ತೆ.


ಬೆಣ್ಣೆದೋಸೆ:

ಅಲ್ರೀ, ದಾವಣಗೆರೆ, ಚಿತ್ರದುರ್ಗ ಎರಡರಲ್ಲೂ ಎಕೋ ಇದೆ. ಸ್ಕೇಲ್ ಹಿಡಿದು ಫಿಲ್ಮ್ ಅಳೆಯೋ ಕಾಲ ಹೋಯ್ತು. ಅನುಮಾನ ಬಂದರೆ ಕಳಿಸಿ, ಮುಗೀತು.


ಏಳುಸುತ್ತು:

ಕಳಿಸಿ ಅನ್ನೋದು ಸರಿ, ಯಾರನ್ನ ಅನ್ನೋದೇ ಪ್ರಶ್ನೆ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕೆ ಬಂದು ಹೋಗೋದು ಒಂದು ದಿನದ ಕೂಲಿ. ಮಲಗಿಸಿ ತೆಗೆದ ಫಿಲ್ಮ್ ನೋಡಿ ಎಲ್ಲರನ್ನೂ ಕಳಿಸಿದರೆ ನಿಜವಾದ ಮೈಟ್ರಲ್ ರೋಗಿ ಅದೇ ಸಾಲಿನ ಕೊನೆಯಲ್ಲಿ ನಿಂತಿರ್ತಾಳೆ. ನಿಮ್ಮ ಮಾತಲ್ಲಿ ಒಪ್ಪೋದು ಒಂದಿದೆ: ಬಿಪಿಯಿಂದ ಎಡ ವೆಂಟ್ರಿಕಲ್ ಗೋಡೆ ದಪ್ಪಗಾದವರಲ್ಲಿ ಫಿಲ್ಮ್ ಪೂರ್ತಿ ಸರಿಯಾಗಿರಬಹುದು. ಎದೆನೋವು, ಉಬ್ಬಸ, ಕಾಲು ಊತ ಇದ್ದರೆ ಫಿಲ್ಮ್ ಸರಿ ಇದೆ ಅಂತ ಮನೆಗೆ ಕಳಿಸಬಾರದು.


ಹರಿಹರದ ಹೊಳೆ:

ಮೂಳೆ ಪಾಳಿ ನನ್ನದು. ಮೂಳೆಯನ್ನು ಬೇಕೆಂದೇ ನೋಡದಿದ್ದರೆ ಕಾಣಲ್ಲ, ಕಣ್ಣು ತಾನಾಗಿ ಶ್ವಾಸಕೋಶಕ್ಕೆ ಜಾರುತ್ತೆ. ಹಾಗಾಗಿ ಕೊನೆಗೊಂದು ಸಲ ಮೂಳೆಗಾಗಿಯೇ ಫಿಲ್ಮ್ ತಿರುಗಿಸಿ ಅಡ್ಡ ಹಿಡಿಯಿರಿ. ಡಿಜಿಟಲ್ ಆದರೆ ಕಪ್ಪು-ಬಿಳುಪು ಅದಲುಬದಲು ಮಾಡಿ. ಪರಿಚಿತ ಚಿತ್ರ ಅಪರಿಚಿತವಾದಾಗ ಪಕ್ಕೆಲುಬಿನ ಮೆಟ್ಟಿಲು ಥಟ್ಟನೆ ಕಾಣುತ್ತೆ.

ಬೆನ್ನುಮೂಳೆಯಿಂದ ಶುರುಮಾಡಿ. ಪ್ರತಿ ಕಶೇರುವಿನಲ್ಲೂ ಎರಡು ಕಣ್ಣಿನ ಹಾಗೆ ಪೆಡಿಕಲ್ (ಕಶೇರುವಿನ ಹಿಂಬದಿಯ ಗಿಡ್ಡ ಕಂಬ) ಕಾಣಬೇಕು. ಒಂದು ಕಣ್ಣು ಮಾಯವಾಗಿದ್ದರೆ ಕ್ಯಾನ್ಸರ್ ಹರಡಿದೆಯಾ ಅಂತ ಯೋಚಿಸಿ. ಹೃದಯದ ಹಿಂದೆ ಕಶೇರುವಿನ ಪಕ್ಕ ಕದಿರಿನ ಆಕಾರದ ನೆರಳು, ಎರಡು ಕಶೇರುಗಳ ನಡುವಿನ ಜಾಗ ಕಿರಿದು ಅಂದರೆ ಬೆನ್ನುಮೂಳೆ ಟಿಬಿ. ಕೆಮ್ಮಿಗೆ ತೆಗೆದ ಫಿಲ್ಮ್‌ನಲ್ಲಿ ಇದನ್ನು ಹಿಡಿದರೆ ಕಾಲು ಸ್ವಾಧೀನ ತಪ್ಪದೆ ಉಳಿಯುತ್ತೆ.

ಆಮೇಲೆ ಪಕ್ಕೆಲುಬು. ಅಡ್ಡಡ್ಡ ಇರೋದು ಹಿಂಭಾಗ, ಓರೆಯಾಗಿ ಕೆಳಗಿಳಿಯೋದು ಮುಂಭಾಗ. ಎಣಿಕೆ ಒಂದನೆಯದರಿಂದಲೇ. ಮೇಲೆ ಹೆಚ್ಚುವರಿ ಒಂದು ಕಂಡರೆ ಅದು ಕುತ್ತಿಗೆ ಪಕ್ಕೆಲುಬೋ ಅಂತ ನೋಡಲು, ಅದು ಅಂಟಿರುವ ಕಶೇರುವಿನ ಅಡ್ಡ ಚಾಚು ನೋಡಿ: ಕುತ್ತಿಗೆಯ 7ನೆಯದು ಕೆಳಮುಖ, ಎದೆಯ 1ನೆಯದು ಮೇಲ್ಮುಖ.

ನಿಮ್ಮ ಗುಂಡು ನೆರಳಿಗೆ ಬರೋಣ. ಮೊದಲ ಪಕ್ಕೆಲುಬಿನ ಮೃದ್ವಸ್ಥಿ ವಯಸ್ಸಾದಂತೆ ಸುಣ್ಣಗಟ್ಟಿ ಗಂಟಾಗುತ್ತೆ, ಅದೂ ಕಾಲರ್ ಬೋನ್ ಒಳತುದಿಯ ಕೆಳಗೇ. ಎಡಗಡೆಯೂ ಅದೇ ಜಾಗದಲ್ಲಿ ಇದೆಯಾ, ಪಕ್ಕೆಲುಬಿನ ತುದಿಗೆ ಅಂಟಿದೆಯಾ ನೋಡಿ. ಎರಡಕ್ಕೂ ಹೌದು ಅಂದರೆ ಬಹುಮಟ್ಟಿಗೆ ಅದೇ. ಅನುಮಾನ ಉಳಿದರೆ ಟ್ಯೂಬನ್ನು ಓರೆ ಮಾಡಿ ಕಾಲರ್ ಬೋನ್ ಮೇಲೆ ಸರಿಯುವ ಹಾಗೆ ಲಾರ್ಡಾಟಿಕ್ ವ್ಯೂ ತೆಗೆಸಿ, ಕೆಮ್ಮು ಇರೋದರಿಂದ ಕಫ ಪರೀಕ್ಷೆ ಹೇಗೂ ಮಾಡಿಸಲೇಬೇಕು. ಆದರೆ ಆ ಜಾಗದಲ್ಲಿ ಒಂದು ಮತ್ತು ಎರಡನೇ ಪಕ್ಕೆಲುಬಿನ ಅಂಚು ಕರಗಿದ್ದರೆ, ಭುಜ-ತೋಳು ನೋವಿದ್ದರೆ, ಅದು ಶ್ವಾಸಕೋಶದ ತುದಿಯ ಕ್ಯಾನ್ಸರ್. ಟಿಬಿ ಮಾತ್ರೆ ಕೊಟ್ಟು ಆರು ತಿಂಗಳು ಕಾಯುವ ತಪ್ಪು ನಡೆಯೋದು ಇಲ್ಲೇ.

ಪಕ್ಕೆಲುಬಿನ ಕೆಳ ಅಂಚಿನಲ್ಲಿ ಇಲಿ ಕಡಿದಂಥ ಕಚ್ಚುಗಳು, ಮುಖ್ಯವಾಗಿ 4ರಿಂದ 8ರವರೆಗೆ, ಚಿಕ್ಕ ವಯಸ್ಸಿನಲ್ಲೇ ಬಿಪಿ: ಇದು ಮಹಾಪಧಮನಿ ಕಿರಿದಾದ ಕೋಆರ್ಕ್ಟೇಶನ್. ರಕ್ತ ಪಕ್ಕೆಲುಬಿನ ಧಮನಿಗಳ ಮೂಲಕ ಸುತ್ತು ದಾರಿ ಹಿಡಿದು, ಅವು ಹಿಗ್ಗಿ ಮೂಳೆ ಸವೆಸುತ್ತವೆ. ಮೊದಲೆರಡು ಪಕ್ಕೆಲುಬಿನ ಧಮನಿ ಬೇರೆ ಕಡೆಯಿಂದ ಹುಟ್ಟೋದರಿಂದ ಅಲ್ಲಿ ಕಚ್ಚು ಇರಲ್ಲ. ಹೃದಯದ ಕಾಯಿಲೆ ಮೂಳೆಯಲ್ಲಿ ಸಿಗೋದು ಅಂದರೆ ಇದು. ಕೈ ಬಿಪಿ, ಕಾಲು ಬಿಪಿ ಎರಡೂ ನೋಡಿ.

ಕಾಲರ್ ಬೋನ್ ಒಳತುದಿಯ ಕೆಳಗೆ ಸವೆದಂಥ ಗುಳಿ ಇದ್ದರೆ ಹೆದರಬೇಡಿ, ಅಸ್ಥಿರಜ್ಜು ಅಂಟುವ ಸಹಜ ಗುಳಿ ಅದು.

ಹೈವೇ 48ರ ಅಪಘಾತಗಳಿಗೆ ಒಂದು ಮಾತು. ಪಿಎ ಫಿಲ್ಮ್‌ನಲ್ಲಿ ಪಕ್ಕೆಲುಬಿನ ಪಕ್ಕದ ತಿರುವು ಮಡಚಿದಂತೆ ಬೀಳೋದರಿಂದ ಅಲ್ಲಿನ ಬಿರುಕು ತಪ್ಪುತ್ತೆ. ಒತ್ತಿದ ಕಡೆ ನೋವಿದ್ದರೆ ಫಿಲ್ಮ್ ಸರಿ ಇದ್ದರೂ ಮುರಿತ ಅಂತಲೇ ನಡೆಸಿಕೊಳ್ಳಿ. ಒಂದೇ ಪಕ್ಕೆಲುಬು ಮುರಿದರೆ ಚಿಕಿತ್ಸೆ ಬದಲಾಗಲ್ಲ, ನೋಡಬೇಕಾದದ್ದು ಶ್ವಾಸಕೋಶದ ಸುತ್ತ ಗಾಳಿ, ರಕ್ತ ತುಂಬಿದೆಯಾ ಅಂತ. ಮೊದಲೆರಡು ಮುರಿದಿದ್ದರೆ ಪೆಟ್ಟು ಭಾರಿ, ದೊಡ್ಡ ರಕ್ತನಾಳ ನೋಡಿ. ಕೆಳಗಿನವು ಮುರಿದಿದ್ದರೆ ಪಿತ್ತಜನಕಾಂಗ, ಗುಲ್ಮ (ಸ್ಪ್ಲೀನ್) ನೋಡಿ. ಸಾಲಾಗಿ ಮೂರು ಅಥವಾ ಹೆಚ್ಚು ಎರಡೆರಡು ಕಡೆ ಮುರಿದಿದ್ದರೆ ಕಾಯಬೇಡಿ. ಎದೆಮೂಳೆ ನೇರ ಫಿಲ್ಮ್‌ನಲ್ಲಿ ಕಾಣೋದೇ ಇಲ್ಲ. ಸ್ಟೀರಿಂಗ್ ಬಡಿದವರಿಗೆ ಪಕ್ಕದ ವ್ಯೂ, ಇಸಿಜಿ ಎರಡೂ ಬೇಕು.


ಮಾರಿಕಣಿವೆ:

ಬಿಳುಪಿನ ಪ್ರಶ್ನೆ ಹಾಗೇ ಉಳೀತು, ನಮ್ಮ ಜಿಲ್ಲೆಗಳಿಗೆ ಅದೇ ಮುಖ್ಯ.

ಮೊದಲು ಫಿಲ್ಮ್ ತಪ್ಪನ್ನು ಕಳೆಯಿರಿ. ಎಕ್ಸ್‌ಪೋಷರ್ ಕಡಿಮೆಯಾಗಿದ್ದರೆ ಎಲ್ಲವೂ ಬಿಳಿ: ಶ್ವಾಸಕೋಶ, ಭುಜದ ಮಾಂಸ, ಹೃದಯ. ಹೃದಯದ ಹಿಂದೆ ಕಶೇರು ಕಾಣೋದೇ ಇಲ್ಲ. ಡಿಜಿಟಲ್ ಯಂತ್ರ ಹೊಳಪನ್ನು ತಾನೇ ಸರಿಮಾಡುತ್ತೆ, ಅಲ್ಲಿ ಕಡಿಮೆ ಎಕ್ಸ್‌ಪೋಷರ್ ರವೆ ಚೆಲ್ಲಿದ ಹಾಗೆ ಕಾಣುತ್ತೆ. ಕೆ.ವಿ. (ಕಿರಣದ ಶಕ್ತಿ ನಿಗದಿಸುವ ವೋಲ್ಟೇಜ್) ಎಷ್ಟು ಅಂತಲೂ ಕೇಳಿ. ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ) ಇಲ್ಲದೆ 60–70 ಕೆ.ವಿ.ಯಲ್ಲಿ ತೆಗೆದರೆ ಮೂಳೆಯ ಸುಣ್ಣ ಹೆಚ್ಚು ಕಿರಣ ಹೀರಿ ಎದ್ದು ಕಾಣುತ್ತೆ. 110–125 ಕೆ.ವಿ.ಯಲ್ಲಿ ಅದೇ ಮೂಳೆ ಮಂಕು. ಶ್ವಾಸಕೋಶ ತಕ್ಕಷ್ಟು ಕಪ್ಪಾಗಿದ್ದು ಮೂಳೆ ಮಾತ್ರ ಸೀಮೆಸುಣ್ಣದ ಹಾಗಿದ್ದರೆ, ಒಳಗಿನ ಜಾಲರಿ ಒರಟಾಗಿ ಅಥವಾ ಪೂರ್ತಿ ಮುಚ್ಚಿಹೋಗಿದ್ದರೆ, ಅದು ಮೂಳೆಯದೇ ಮಾತು.

ಬೋರ್‌ವೆಲ್ ನೀರಿನ ಹಿನ್ನೆಲೆಯಲ್ಲಿ ಫ್ಲೋರೋಸಿಸ್ (ನೀರಿನ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವ ಕಾಯಿಲೆ) ಮೊದಲ ಅನುಮಾನ. ಅದು ಬೆನ್ನುಮೂಳೆ, ಪಕ್ಕೆಲುಬು, ಸೊಂಟದಿಂದ ಶುರುವಾಗುತ್ತೆ, ಎರಡೂ ಕಡೆ ಸಮನಾಗಿರುತ್ತೆ. ಪಕ್ಕೆಲುಬಿನ ಅಂಚು ಗರಗಸದ ಹಾಗೆ ಒರಟು, ಮಾಂಸಖಂಡ, ಅಸ್ಥಿರಜ್ಜು ಅಂಟುವ ಕಡೆ ಮುಳ್ಳು. ಹಲ್ಲಿನ ಕಂದು ಪಟ್ಟೆ ಇದ್ದರೆ ಬೆಂಬಲ ಸಿಕ್ಕಿತು, ಇಲ್ಲದಿದ್ದರೆ ಕೈಬಿಡಬೇಡಿ. ಹಲ್ಲು ಕೆಡೋದು ಅದು ಬೆಳೆಯುವ ಬಾಲ್ಯದಲ್ಲಿ ಮಾತ್ರ. ದೊಡ್ಡವರಾದ ಮೇಲೆ ಆ ಊರಿಗೆ ಬಂದ ಸೊಸೆಯಂದಿರ ಹಲ್ಲು ಬೆಳ್ಳಗೇ ಇದ್ದು ಮೂಳೆ ಗಟ್ಟಿಯಾಗಿರುತ್ತೆ.

ಆದರೆ ಊರಿನ ಹೆಸರು ಕೇಳಿ ಫ್ಲೋರೋಸಿಸ್ ಅಂತ ಬರೆದು ಮುಗಿಸಬೇಡಿ. 60ರ ಗಂಡಸು, ಬೆನ್ನುನೋವು, ಬಿಳಿ ಮೂಳೆ ಅಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಹರಡಿರಬಹುದು. ಅದು ಸಾಮಾನ್ಯವಾಗಿ ತೇಪೆ ತೇಪೆ, ಒಂದು ಕಶೇರು ಬಿಳಿ, ಪಕ್ಕದ್ದು ಸಹಜ. ಕೆಲವೊಮ್ಮೆ ಪೂರ್ತಿ ಹರಡಿ ಸಮನಾಗಿಯೂ ಕಾಣುತ್ತೆ, ಅದಕ್ಕೇ ಪಿಎಸ್‌ಎ (ಪ್ರಾಸ್ಟೇಟಿನ ರಕ್ತಪರೀಕ್ಷೆ) ಮಾಡಿಸಿ. ರಕ್ತದ ಆಲ್ಕಲೈನ್ ಫಾಸ್ಫಟೇಸ್ ಫ್ಲೋರೋಸಿಸ್, ಕ್ಯಾನ್ಸರ್ ಎರಡರಲ್ಲೂ ಏರಬಹುದು, ಅದನ್ನು ನಂಬಿ ಬೇರ್ಪಡಿಸಲಾಗದು. ಕಶೇರುವಿನ ಮೇಲಂಚು ಕೆಳಂಚು ಮಾತ್ರ ಬಿಳಿ ಪಟ್ಟೆ, ನಡು ಮಂಕು ಇದ್ದರೆ ಮೂತ್ರಪಿಂಡದ ಕಾಯಿಲೆ, ಕ್ರಿಯಾಟಿನಿನ್ ನೋಡಿ. ಗುಲ್ಮ ದೊಡ್ಡದಿದ್ದರೆ ಅಸ್ಥಿಮಜ್ಜೆಯ ಕಾಯಿಲೆ, ರಕ್ತದ ಸ್ಮಿಯರ್ ಮಾಡಿಸಿ.

ಖಚಿತಪಡಿಸಲು ಸುಲಭದ ದಾರಿ ಮುಂಗೈ ಫಿಲ್ಮ್. ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಫ್ಲೋರೋಸಿಸ್ ಬಹುಮಟ್ಟಿಗೆ ಖಾತ್ರಿ. ಜೊತೆಗೆ ಮೂತ್ರದ ಫ್ಲೋರೈಡ್, ಕುಡಿಯುವ ನೀರಿನ ಪರೀಕ್ಷೆ. ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತೆ, ಇದನ್ನು ಮನೆಯವರಿಗೆ ಹೇಳಿ. ಕಾಲು ಬಿಗಿ, ನಡಿಗೆ ತೊಡರು, ಮೂತ್ರದ ಹಿಡಿತ ತಪ್ಪಿದ್ದು ಇದ್ದರೆ ಬೆನ್ನುಹುರಿ ಒತ್ತಿದೆ, ಎಂಆರ್‌ಐಗೆ ತಡಮಾಡಬೇಡಿ.


ಜಗಳೂರು ಬಯಲು:

ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ವಂದನೆ. ಮುಂಗೈ ಫಿಲ್ಮ್‌ನಲ್ಲಿ ಆ ಪೊರೆ ಸರಿಯಾಗಿ ಕಾಣಲು ಕೈ ಹೇಗಿಡಿಸಬೇಕು? ಮಾಮೂಲಿ ಮುರಿತಕ್ಕೆ ತೆಗೆಯೋ ಹಾಗೇನಾ?


ಡಾರ್ಕ್‌ರೂಮ್:

ಅಂಗೈ ಮೇಲ್ಮುಖ, ಮೊಣಕೈ ಪೂರ್ತಿ ಚಾಚಿರಬೇಕು. ರೋಗಿಯನ್ನು ಮೇಜಿನ ಪಕ್ಕ ತಗ್ಗಿನಲ್ಲಿ ಕೂರಿಸಿ ಭುಜ, ಮೊಣಕೈ, ಮಣಿಕಟ್ಟು ಒಂದೇ ಮಟ್ಟಕ್ಕೆ ತನ್ನಿ. ಅಂಗೈ ಕೆಳಮುಖವಾದರೆ ಎರಡು ಮೂಳೆ ಒಂದರ ಮೇಲೊಂದು ದಾಟಿ ನಡುವಿನ ಸಂದು ಮುಚ್ಚಿಹೋಗುತ್ತೆ, ನೋಡಬೇಕಾದದ್ದೇ ಅದು. 100 ಸೆಂ.ಮೀ. ದೂರ, 55–60 ಕೆ.ವಿ., ಗ್ರಿಡ್ ಬೇಡ, ಮೊಣಕೈ ಮಣಿಕಟ್ಟು ಎರಡೂ ಫಿಲ್ಮ್ ಒಳಗಿರಲಿ. ಮೂಳೆಗಳ ಒಳ ಅಂಚಿನಿಂದ ಸಂದಿನ ಕಡೆಗೆ ಗುಲಾಬಿ ಮುಳ್ಳಿನ ಹಾಗೆ ಚಾಚಿದ್ದರೆ ಅದೇ. ಎಷ್ಟೋ ಫ್ಲೋರೋಸಿಸ್ ರೋಗಿಗಳಿಗೆ ಮೊಣಕೈ ಪೂರ್ತಿ ಚಾಚಲು ಬರಲ್ಲ. ಬಲವಂತ ಮಾಡದೆ ಮೊಣಕೈ ಕೆಳಗೆ ಸ್ಪಂಜ್ ಕೊಟ್ಟು, ಬಂದಷ್ಟಕ್ಕೆ ತೆಗೆದು, "ಮೊಣಕೈ ಚಾಚಲಾಗದು" ಅಂತ ಚೀಟಿಯಲ್ಲಿ ಬರೆಯಿರಿ.